ಒಂದು ವ್ಯಾಟಿನ ದನಿ

ನಮ್ಮ ಪುರಾಣಗಳಲ್ಲಿ ಅಶರೀರವಾಣಿಗೆ ಒಡೆಯನಿಲ್ಲ. ತಂಗಿಯನ್ನೂ ಭಾವನನ್ನೂ ರಥದಲ್ಲಿ ಕೂರಿಸಿಕೊಂಡು ಹೊರಟ ಕಂಸನಿಗೆ, ಅವಳ ಎಂಟನೆಯ ಗರ್ಭವೇ ನಿನಗೆ ಮೃತ್ಯು ಎಂದು ಹೇಳಿದ ಆ ದನಿ ಯಾರದೆಂದು ಕೇಳಲು ಹೋದವರಿಲ್ಲ. ಕಂಸ ದೇವಕಿಯನ್ನು ಸೆರೆಯಲ್ಲಿಟ್ಟ, ವಸುದೇವನನ್ನು ಸೆರೆಯಲ್ಲಿಟ್ಟ. ದನಿಯನ್ನು ಸೆರೆಹಿಡಿಯುವ ಉಪಾಯ ಮಾತ್ರ ಅವನಿಗೆ ತಿಳಿದಿರಲಿಲ್ಲ. ಇಪ್ಪತ್ತನೆಯ ಶತಮಾನದ ಸರ್ಕಾರಗಳಿಗೆ ಅದು ತಿಳಿಯಿತು. ಮಾತನಾಡುವವನನ್ನು ಹಿಡಿಯುವ ಶ್ರಮವೇ ಬೇಡ. ಮಾತು ಹಾಯುವ ಆಕಾಶವನ್ನು ತಮ್ಮ ಹೆಸರಿಗೆ ಪಟ್ಟಾ ಮಾಡಿಕೊಂಡರೆ ಸಾಕು.

ಅಮೆರಿಕದ ಇಲಿನಾಯ್ ಸಂಸ್ಥಾನದ ರಾಜಧಾನಿ ಸ್ಪ್ರಿಂಗ್‌ಫೀಲ್ಡ್. ಅಬ್ರಹಾಂ ಲಿಂಕನ್ ವಕೀಲಿ ವೃತ್ತಿ ನಡೆಸಿದ್ದು ಅಲ್ಲಿ. ಅವನ ಸಮಾಧಿ ಇರುವುದೂ ಅಲ್ಲಿಯೇ. ಅದೇ ಊರಿನಲ್ಲಿ 1908ರಲ್ಲಿ ಬಿಳಿಯರ ಗುಂಪು ಕಪ್ಪು ಜನರ ಕೇರಿಗೆ ನುಗ್ಗಿ ಮನೆಗಳನ್ನು ಸುಟ್ಟಿತು, ಜನರನ್ನು ಕೊಂದಿತು. ಲಿಂಕನ್ನನ ಊರಿನಲ್ಲಿಯೇ ಹೀಗಾಯಿತೆಂಬ ಆಘಾತದಿಂದ ಮರುವರ್ಷ ಹುಟ್ಟಿದ ಸಂಸ್ಥೆಯೇ, ಮುಂದೆ ಕಪ್ಪು ಜನರ ಹಕ್ಕುಗಳಿಗಾಗಿ ನ್ಯಾಯಾಲಯಗಳಲ್ಲಿ ದೀರ್ಘಕಾಲ ಹೋರಾಡಿದ ಎನ್.ಎ.ಎ.ಸಿ.ಪಿ. ಆ ಊರಿನಲ್ಲಿ ಸರ್ಕಾರ ಬಡವರಿಗಾಗಿ ಕಟ್ಟಿಸಿದ್ದ ಒಂದು ವಸತಿ ಸಮುಚ್ಚಯಕ್ಕೆ ಲಿಂಕನ್ನನ ಕಾರ್ಯದರ್ಶಿಯಾಗಿದ್ದ ಜಾನ್ ಹೇಯ ಹೆಸರನ್ನಿಟ್ಟಿದ್ದರು. ಎಂಬತ್ತರ ದಶಕದಲ್ಲಿ ಅಲ್ಲಿ ಬಾಡಿಗೆಗಿದ್ದವರು ಬಹುಪಾಲು ಕಪ್ಪು ಜನ. ಮನೆಗಳ ದುಃಸ್ಥಿತಿ, ಅಧಿಕಾರಿಗಳ ಉದಾಸೀನ, ಪೊಲೀಸರ ಲಾಠಿ ಇವು ಅವರ ದಿನಚರಿ. ಬಾಡಿಗೆದಾರರು ಒಂದು ಸಂಘ ಕಟ್ಟಿಕೊಂಡರು. ಅದರ ಮುಂದಾಳುಗಳಲ್ಲಿ ಒಬ್ಬರು ಎಂಬಾನ ಕಂಟಾಕೊ ಎಂದು ಹೆಸರು ಬದಲಿಸಿಕೊಂಡ, ಎರಡೂ ಕಣ್ಣು ಕಾಣದ ಯುವಕ.

ಸಂಘದ ಮಾತು ಮನೆಮನೆಗೆ ಮುಟ್ಟುವುದು ಹೇಗೆ? ಪತ್ರಿಕೆ ಹೊರಡಿಸಬಹುದಿತ್ತು. ಆದರೆ ನೆರೆಹೊರೆಯವರಲ್ಲಿ ಅನೇಕರಿಗೆ ಓದುವ ಅಭ್ಯಾಸವಿರಲಿಲ್ಲ. ಹಲವರಿಗೆ ಓದಲು ಬರುತ್ತಲೇ ಇರಲಿಲ್ಲ. ಕಂಟಾಕೊ ಅವರಿಗಂತೂ ಅಚ್ಚಿನ ಅಕ್ಷರ ಕಾಣುವಂತಿರಲಿಲ್ಲ. ಸುಮಾರು ಆರು ನೂರು ಡಾಲರುಗಳಲ್ಲಿ ಸಲಕರಣೆ ಕೂಡಿಸಿ, 1987ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಪ್ರಾರಂಭಿಸಿದರು. ಯಂತ್ರದ ಶಕ್ತಿ ಒಂದು ವ್ಯಾಟು. ನಮ್ಮ ದೇವರ ಮನೆಯಲ್ಲಿ ಆಗ ರಾತ್ರಿಯಿಡೀ ಉರಿಯುತ್ತಿದ್ದ ಸಣ್ಣ ದೀಪಕ್ಕೂ ಇದಕ್ಕಿಂತ ಹೆಚ್ಚು ವಿದ್ಯುತ್ತು ಬೇಕಾಗುತ್ತಿತ್ತು. ಅದು ತಲುಪುತ್ತಿದ್ದುದು ಒಂದೆರಡು ಮೈಲಿ. ಅಂದರೆ ಆ ಕೇರಿ, ಅದರ ಸುತ್ತಮುತ್ತ. ಸಂಘಕ್ಕೆ ಬೇಕಾಗಿದ್ದುದೂ ಅಷ್ಟೇ.

ಕನ್ನಡ ಪಾಠ ಹೇಳುವವನಿಗೆ ಈ ವ್ಯಾಟು, ತರಂಗಗಳ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ಓದದೆಯೇ ಕಾವ್ಯಪ್ರಯೋಗದಲ್ಲಿ ನಿಪುಣರಾದವರೆಂದು ತನ್ನ ನಾಡಿನ ಜನರನ್ನು ಸಾವಿರದ ನೂರು ವರ್ಷಗಳ ಹಿಂದೆಯೇ ಹೊಗಳಿದ ಕವಿರಾಜಮಾರ್ಗದ ಭಾಷೆ ನಮ್ಮದು. ಅಕ್ಷರ ಬಾರದವನಿಗೆ ಮಾತು ಬಾರದೆಂದು ತಿಳಿಯುವುದು ಅಚ್ಚುಕೂಟ ಬಂದಮೇಲೆ ಹುಟ್ಟಿದ ಅಹಂಕಾರ. ಹೇ ವಸತಿಯ ಜನಕ್ಕೆ ಹೇಳಬೇಕಾದ್ದು ಬೇಕಾದಷ್ಟಿತ್ತು. ಕೇಳಿಸುವ ಸಾಧನವೊಂದು ಇರಲಿಲ್ಲ. ಅದು ಬಂದಾಗ ಅವರು ಏನನ್ನು ಪ್ರಸಾರ ಮಾಡಿದರು? ಸಂಗೀತ ಇದ್ದೇ ಇತ್ತು. ಕಪ್ಪು ಜನರ ಇತಿಹಾಸದ ಪುಸ್ತಕಗಳನ್ನು ಗಟ್ಟಿಯಾಗಿ ಓದಿದರು. ಮಕ್ಕಳೂ ಮೈಕಿನ ಮುಂದೆ ಕುಳಿತರು. ಎಲ್ಲಕ್ಕಿಂತ ಹೆಚ್ಚಾಗಿ, ಪೊಲೀಸರಿಂದ ಪೆಟ್ಟು ತಿಂದವರು ಬಂದು ತಮ್ಮ ಬಾಯಿಂದಲೇ ತಮಗಾದದ್ದನ್ನು ಹೇಳಿದರು. ಪೊಲೀಸರು ತಮ್ಮೊಳಗೆ ನಿಸ್ತಂತುವಿನಲ್ಲಿ ಆಡಿಕೊಳ್ಳುತ್ತಿದ್ದ ಮಾತುಗಳನ್ನೂ ಹಿಡಿದು ಊರಿಗೆ ಕೇಳಿಸಿದರು.

ಇದನ್ನು ಸಹಿಸುವುದು ಕಷ್ಟವೇ. 1989ರಲ್ಲಿ, ಪೊಲೀಸರ ದೂರಿನ ಮೇಲೆ, ಎಫ್.ಸಿ.ಸಿ. ಎಂಬ ಕೇಂದ್ರ ಸಂಪರ್ಕ ಆಯೋಗದ ಅಧಿಕಾರಿಗಳು ಬಂದು ಲೈಸೆನ್ಸು ಕೇಳಿದರು. ಇರಲಿಲ್ಲ. 750 ಡಾಲರ್ ದಂಡ ವಿಧಿಸಿದರು. ಕಂಟಾಕೊ ಕೆಲವು ದಿನ ಯಂತ್ರವನ್ನು ನಿಲ್ಲಿಸಿ ಯೋಚಿಸಿದರು. ಆಮೇಲೆ ಪತ್ರಿಕಾ ಪ್ರತಿನಿಧಿಗಳನ್ನು ಕರೆದು, ಅವರ ಎದುರಿಗೇ ಮತ್ತೆ ಗುಂಡಿ ಒತ್ತಿ, ಬೇಕಾದರೆ ನನ್ನನ್ನು ಹಿಡಿಯಿರಿ ಎಂದರು. ಅಂದು ಯಾರೂ ಹಿಡಿಯಲಿಲ್ಲ. ನಿಲ್ಲಿಸಬೇಕೆಂದು ನ್ಯಾಯಾಲಯದ ಆಜ್ಞೆ ಬಂತು. ಪ್ರಸಾರ ನಡೆದೇ ಇತ್ತು. ನಮ್ಮ ಹಿರಿಯರು ಉಪ್ಪು ಮಾಡಿದ್ದು ಕೂಡ ಇದೇ ಬಗೆಯಲ್ಲವೆ? ಸಮುದ್ರದ ನೀರು ಯಾರಪ್ಪನದೂ ಅಲ್ಲ ಎಂಬುದನ್ನು ಬಾಯಲ್ಲಿ ಹೇಳಿದ್ದಕ್ಕಿಂತ ಒಂದು ಹಿಡಿ ಎತ್ತಿ ತೋರಿಸಿದ್ದು ಹೆಚ್ಚು ಮನಮುಟ್ಟಿತು.

ಒಂದು ವ್ಯಾಟು ಏಕೆ ಅಪರಾಧವಾಯಿತು ಎಂಬುದು ಇಲ್ಲಿ ನಿಜವಾಗಿ ವಿಚಾರಿಸಬೇಕಾದ ವಿಷಯ. ಸರ್ಕಾರದ ವಾದ ಹಳೆಯದು, ತೀರ ಹುರುಳಿಲ್ಲದ್ದೂ ಅಲ್ಲ. 1926ರಲ್ಲಿ ಅಮೆರಿಕದ ಒಂದು ನ್ಯಾಯಾಲಯ, ಬಾನುಲಿ ನಿಲಯಗಳಿಗೆ ಇಂಥ ತರಂಗಾಂತರದಲ್ಲೇ ಇರಿ ಎಂದು ಕಟ್ಟುಪಾಡು ಮಾಡುವ ಅಧಿಕಾರ ವಾಣಿಜ್ಯ ಇಲಾಖೆಗೆ ಇಲ್ಲವೆಂದು ತೀರ್ಪಿತ್ತಿತು. ಕೂಡಲೆ ನಿಲಯಗಳು ತಮಗೆ ತೋಚಿದ ಜಾಗಕ್ಕೆ ಹಾರಿದವು. ಒಂದರ ಸಂಗೀತದ ಮೇಲೆ ಇನ್ನೊಂದರ ಭಾಷಣ ಬಿದ್ದು ಸಂತೆಯಾಯಿತು. 1927ರ ಕಾಯಿದೆಯೂ 1934ರಲ್ಲಿ ಬಂದ ಆಯೋಗವೂ ಈ ಸಂತೆಯನ್ನು ನಿಲ್ಲಿಸಲು ಹುಟ್ಟಿದವು. ತರಂಗಗಳು ವಿರಳ, ಎಲ್ಲರಿಗೂ ಸಾಲವು, ಆದ್ದರಿಂದ ಹಂಚುವವನೊಬ್ಬ ಬೇಕು, ಇದು ವಾದ. 1943ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವೂ ಇದಕ್ಕೆ ಮುದ್ರೆಯೊತ್ತಿತು.

ಆದರೆ ವಿರಳವಾದದ್ದನ್ನು ಹಂಚುವಾಗ ಸಣ್ಣ ಪಾಲನ್ನೂ ಕೊಡಬಹುದಲ್ಲ? ಕೊಡುತ್ತಲೂ ಇದ್ದರು. 1948ರಿಂದ ಕಾಲೇಜುಗಳಂಥ ಸಂಸ್ಥೆಗಳಿಗೆ ಹತ್ತು ವ್ಯಾಟಿನ ಲೈಸೆನ್ಸು ದೊರೆಯುತ್ತಿತ್ತು. 1978ರಲ್ಲಿ ಆಯೋಗ ಅದನ್ನು ಕೊಡುವುದನ್ನು ನಿಲ್ಲಿಸಿ, ಹೊಸ ನಿಲಯಕ್ಕೆ ನೂರು ವ್ಯಾಟಾದರೂ ಇರಬೇಕೆಂದಿತು. ನಿಲ್ಲಿಸಿರೆಂದು ಕೇಳಿಕೊಂಡದ್ದು ಯಾರೋ ಲಾಭಕೋರ ವ್ಯಾಪಾರಿಯಲ್ಲ. ಸಾರ್ವಜನಿಕ ಪ್ರಸಾರವನ್ನು ಪೋಷಿಸಲೆಂದೇ ಸ್ಥಾಪನೆಯಾದ ನಿಗಮ! ಸಣ್ಣವು ದೊಡ್ಡವಕ್ಕೆ ಅಡ್ಡವಾಗುತ್ತವೆ ಎಂಬುದು ಅದರ ಅಳಲು. ಹೀಗಾಗಿ ಕಂಟಾಕೊ ಕಾನೂನಿನಂತೆ ನಡೆಯಬೇಕೆಂದಿದ್ದರೆ ಹತ್ತಾರು ಸಾವಿರ ಡಾಲರ್ ಕೂಡಿಸಿ, ತಮ್ಮ ಕೇರಿಗೆ ಬೇಕಾದ್ದಕ್ಕಿಂತ ನೂರುಪಟ್ಟು ಗಟ್ಟಿಯಾಗಿ ಕೂಗಬೇಕಾಗಿತ್ತು. ಪಿಸುಮಾತಿಗೆ ಅನುಮತಿಯಿಲ್ಲ, ಗರ್ಜಿಸುವ ಶಕ್ತಿಯಿದ್ದರೆ ಮಾತ್ರ ಅರ್ಜಿ ಹಾಕು ಎಂಬ ನ್ಯಾಯ ಇದು.

ಈ ಏರ್ಪಾಟನ್ನು ಪ್ರಶ್ನಿಸಿದವರಲ್ಲಿ ಎರಡು ಪಂಗಡ. ಇಂಗ್ಲಿಷಿನಲ್ಲಿ ಲಿಬರ್ಟೇರಿಯನ್ ಎಂಬ ಮಾತಿದೆ; ಕನ್ನಡದಲ್ಲಿ ಅದಕ್ಕೆ ನೆಲೆಗೊಂಡ ಶಬ್ದವಿಲ್ಲದ ಕಾರಣ ಸ್ವಾತಂತ್ರ್ಯವಾದಿ ಎನ್ನೋಣ. ಸರ್ಕಾರದ ಕೈ ಎಷ್ಟು ಮೋಟಾಗಿದ್ದರೆ ಅಷ್ಟು ಕ್ಷೇಮ ಎನ್ನುವವರು ಇವರು. ಅವರಿಗೆ ಪ್ರಿಯನಾದ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1959ರಲ್ಲಿಯೇ ಆಯೋಗದ ಬುಡಕ್ಕೆ ಕೈಹಾಕಿದ. ಭೂಮಿಯೂ ವಿರಳ, ಕಾಗದವೂ ವಿರಳ. ಹಾಗೆಂದು ಯಾರು ಪತ್ರಿಕೆ ನಡೆಸಬೇಕೆಂದು ಸರ್ಕಾರ ಗೊತ್ತುಮಾಡುವುದಿಲ್ಲವಲ್ಲ. ತರಂಗಗಳ ಹಕ್ಕನ್ನೂ ಮಾರಿ, ಕೊಂಡವನು ಬಳಸಲಿ ಎಂಬುದು ಅವನ ತರ್ಕ. ಇನ್ನೊಂದು ಪಂಗಡದವರು ಸರ್ಕಾರವನ್ನೂ ಬಂಡವಾಳವನ್ನೂ ಸಮನಾಗಿ ಶಂಕಿಸುವವರು. ಯುದ್ಧಕ್ಕೆ ಹೋಗಲೊಲ್ಲೆನೆಂದ ಶಾಂತಿವಾದಿ ಲೂಯಿಸ್ ಹಿಲ್ 1949ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ, ಜಾಹೀರಾತಿಲ್ಲದೆ ಕೇಳುಗರ ಚಂದಾಹಣದಿಂದಲೇ ನಡೆಯುವ ನಿಲಯವನ್ನು ತೆರೆದದ್ದು ಈ ಮಾರ್ಗದ ಮೊದಲ ಮೈಲಿಗಲ್ಲು.

ಕೋಸನ ತರ್ಕದ ಮೊನಚನ್ನು ನಾನು ಮೆಚ್ಚುತ್ತೇನೆ. ಆದರೆ ಹರಾಜಿನ ಕಟ್ಟೆಯ ಮುಂದೆ ಹೇ ವಸತಿಯ ಬಾಡಿಗೆದಾರನನ್ನು ನಿಲ್ಲಿಸಿ ನೋಡಿ. ಸರ್ಕಾರದ ಹಂಚಿಕೆಯಲ್ಲಿ ಅವನಿಗೆ ಪಾಲಿರಲಿಲ್ಲ. ಪೇಟೆಯ ಹರಾಜಿನಲ್ಲಿಯೂ ಇರುತ್ತಿರಲಿಲ್ಲ. ಒಂದು ಪಕ್ಷ ಗೋಮಾಳವನ್ನು ಅಮಲ್ದಾರನ ವಶಕ್ಕೆ ಕೊಡುತ್ತದೆ, ಇನ್ನೊಂದು ಸಾಹುಕಾರನಿಗೆ ಮಾರುತ್ತದೆ. ಬಡವನ ಹಸು ಮೇಯುವುದೆಲ್ಲಿ?

ಬರ್ಕ್ಲಿಯಲ್ಲಿಯೇ 1993ರಲ್ಲಿ ಸ್ಟೀಫನ್ ಡನಿಫರ್ ಎಂಬ ತಂತ್ರಜ್ಞ, ಬೆನ್ನಚೀಲದಲ್ಲಿ ಯಂತ್ರ ಹೊತ್ತು ರಾತ್ರಿ ಹೊತ್ತು ಗುಡ್ಡ ಹತ್ತಿ ಪ್ರಸಾರ ಮಾಡತೊಡಗಿದ. ಸ್ಪ್ರಿಂಗ್‌ಫೀಲ್ಡ್‌ನ ಉದಾಹರಣೆ ಅವನ ಕಣ್ಮುಂದೆ ಇತ್ತು. ಸುಲಭವಾಗಿ ಜೋಡಿಸಬಹುದಾದ ಯಂತ್ರಭಾಗಗಳನ್ನು ಅವನು ದೇಶವಿದೇಶಗಳಿಗೆ ಒದಗಿಸಿದ. ಆಯೋಗ 20,000 ಡಾಲರ್ ದಂಡ ಹಾಕಹೊರಟಿತು. ಅವನ ಪ್ರಸಾರವನ್ನು ಕೂಡಲೆ ತಡೆಯಬೇಕೆಂಬ ಸರ್ಕಾರದ ಬೇಡಿಕೆಯನ್ನು 1995ರಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ತಳ್ಳಿಹಾಕಿದರು. ಮೂರು ವರ್ಷ ಹೀಗೇ ಕಳೆಯಿತು. ದೇಶದ ಮೂಲೆಮೂಲೆಗಳಲ್ಲಿ ಕಳ್ಳ ನಿಲಯಗಳು ಅಣಬೆಗಳಂತೆ ಎದ್ದವು. 1998ರಲ್ಲಿ ಅದೇ ನ್ಯಾಯಾಧೀಶೆ, ಲೈಸೆನ್ಸಿಗೆ ಅರ್ಜಿಯನ್ನೇ ಹಾಕದವನು ಲೈಸೆನ್ಸಿನ ನಿಯಮ ಅನ್ಯಾಯವೆಂದು ವಾದಿಸಲಾರನೆಂದು ಹೇಳಿ ತಡೆಯಾಜ್ಞೆ ಕೊಟ್ಟರು. ಕೊಡುವುದೇ ಇಲ್ಲವೆಂದು ಬರೆದಿಟ್ಟದ್ದಕ್ಕೆ ಅರ್ಜಿ ಹಾಕುವುದು ಹೇಗೆಂಬ ಸಂದೇಹ ಓದುಗರಿಗೆ ಬಂದರೆ ನನ್ನದೂ ಅದೇ ಸಂದೇಹ.

ಗೆದ್ದದ್ದು ಆಯೋಗ, ಆದರೆ ಬದಲಾದದ್ದೂ ಅದೇ. 2000ದ ಜನವರಿಯಲ್ಲಿ, ವಿಲಿಯಂ ಕೆನರ್ಡ್ ಅಧ್ಯಕ್ಷರಾಗಿದ್ದಾಗ, ಲಾಭಕ್ಕಲ್ಲದ ಸ್ಥಳೀಯ ಸಂಸ್ಥೆಗಳಿಗೆ ಗರಿಷ್ಠ ನೂರು ವ್ಯಾಟಿನ ಸಣ್ಣ ಲೈಸೆನ್ಸನ್ನು ಕೊಡುವುದಾಗಿ ಆಯೋಗ ಸಾರಿತು. ದೊಡ್ಡ ನಿಲಯಗಳ ಸಂಘ, ಸಣ್ಣವುಗಳಿಂದ ಕೇಳುಗರಿಗೆ ಎಂಥ ಗದ್ದಲ ಕೇಳಿಸೀತೆಂದು ತೋರಿಸುವ ಧ್ವನಿಮುದ್ರಿಕೆಯನ್ನು ಶಾಸಕರಿಗೆ ಹಂಚಿತು. ಅದು ದಾರಿತಪ್ಪಿಸುವಂಥದ್ದೆಂದು ಆಯೋಗದ ತಜ್ಞರೇ ಹೇಳಿದರು. ಆದರೂ ಕಾಂಗ್ರೆಸ್ ಸಭೆ ವರ್ಷದ ಕೊನೆಯಲ್ಲಿ ಯೋಜನೆಯ ರೆಕ್ಕೆ ಕತ್ತರಿಸಿತು. ದೊಡ್ಡ ನಗರಗಳಲ್ಲಿ ಹೊಸಬರಿಗೆ ಬಹುಮಟ್ಟಿಗೆ ಜಾಗವೇ ಉಳಿಯಲಿಲ್ಲ. ಕಾಂಗ್ರೆಸ್ಸಿನ ಆಜ್ಞೆಯಂತೆಯೇ ನಡೆದ ಪರೀಕ್ಷೆಯ ವರದಿ 2003ರಲ್ಲಿ ಬಂದು, ಭಯಪಟ್ಟಂಥ ಅಡಚಣೆ ಏನೂ ಇಲ್ಲವೆಂದಿತು. ಆ ಬೇಲಿ ಕಿತ್ತುಹಾಕುವ ಕಾಯಿದೆಗೆ ಅಧ್ಯಕ್ಷ ಒಬಾಮ ಸಹಿ ಹಾಕುವ ಹೊತ್ತಿಗೆ 2011ರ ಜನವರಿ. 2000ದ ಕಾಯಿದೆಯಲ್ಲಿ ಇನ್ನೊಂದು ಷರತ್ತೂ ಇತ್ತು: ಹಿಂದೆ ಲೈಸೆನ್ಸಿಲ್ಲದೆ ಪ್ರಸಾರ ಮಾಡಿದವರಿಗೆ ಹೊಸ ಲೈಸೆನ್ಸು ಸಿಗಕೂಡದು. ಬಾಗಿಲನ್ನು ತಟ್ಟಿ ತೆರೆಸಿದವರಿಗೇ ಒಳಗೆ ಪ್ರವೇಶವಿಲ್ಲ. ಆ ವರ್ಷವೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಂಟಾಕೊ ಅವರ ಯಂತ್ರವನ್ನು ಜಫ್ತಿ ಮಾಡಿದರು. ಅವರು ಮತ್ತೆ ಬೇರೆ ಯಂತ್ರ ಹೂಡಿದರು.

ಎಲ್ಲರಿಗೂ ಮೈಕು ಕೊಟ್ಟರೆ ದುಷ್ಟರಿಗೂ ಕೊಟ್ಟಂತಾಗುವುದಿಲ್ಲವೆ? ಆಗುತ್ತದೆ. ಕೇಬಲ್ ಟೆಲಿವಿಷನ್ನಿನಲ್ಲಿ ಊರಿನ ಯಾರು ಬೇಕಾದರೂ ಕಾರ್ಯಕ್ರಮ ಕೊಡಬಹುದಾದ ವಾಹಿನಿಗಳು ಅಮೆರಿಕದಲ್ಲಿ ಎಪ್ಪತ್ತರ ದಶಕದಿಂದ ಬಂದವು. ಕಾನ್ಸಾಸ್ ಸಿಟಿಯಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ ಜನಾಂಗದ್ವೇಷಿಗಳು ತಮಗೂ ಸಮಯ ಬೇಕೆಂದಾಗ, ನಗರಸಭೆ 1988ರಲ್ಲಿ ಆ ವಾಹಿನಿಯನ್ನೇ ರದ್ದುಮಾಡಿತು. ಕ್ಲಾನಿನ ಪರವಾಗಿ ನ್ಯಾಯಾಲಯಕ್ಕೆ ಹೋದದ್ದು ನಾಗರಿಕ ಸ್ವಾತಂತ್ರ್ಯಗಳ ಒಕ್ಕೂಟ. 1989ರಲ್ಲಿ ವಾಹಿನಿ ಮರಳಿ ಬಂತು. ಕ್ಲಾನಿನ ಮಾತನ್ನು ಕೇಳಲು ನನಗೆ ಮನಸ್ಸಿಲ್ಲ; ಆದರೆ ಒಬ್ಬನ ಬಾಯಿ ಮುಚ್ಚಿಸಲು ಊರಿನವರೆಲ್ಲರ ಜಗಲಿಯನ್ನು ಕೆಡವಿದ್ದು ಸರಿಯೆಂದೂ ತೋರುವುದಿಲ್ಲ.

ನಮ್ಮ ನಾಡಿಗೆ ಈ ಕತೆ ಹೊರಗಿನದಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ಮೂವತ್ತು ವ್ಯಾಟಿನ ಯಂತ್ರದಲ್ಲಿ ಪ್ರಸಾರ ಪ್ರಾರಂಭಿಸಿದರು. ಅದಕ್ಕಿಟ್ಟ ಹೆಸರು 'ಆಕಾಶವಾಣಿ'. ನಿಲಯವನ್ನು ಮುಂದೆ ಮೈಸೂರು ಸರ್ಕಾರ ವಹಿಸಿಕೊಂಡಿತು, ಹೆಸರು ಇಡೀ ಭಾರತದ್ದಾಯಿತು. ಮನೆಯಿಂದ ಮಾತನಾಡುವ ಪದ್ಧತಿ ಮಾತ್ರ ಮೈಸೂರಿನಲ್ಲಿಯೇ ಉಳಿದು ಮರೆಯಾಯಿತು. 1885ರ ತಂತಿ ಕಾಯಿದೆಯ ನೆರಳಿನಲ್ಲಿ ಸ್ವತಂತ್ರ ಭಾರತದ ಆಕಾಶವೂ ದಶಕಗಳ ಕಾಲ ಸರ್ಕಾರದ್ದಾಗಿಯೇ ಇತ್ತು. ವಾಯುತರಂಗಗಳು ಸಾರ್ವಜನಿಕರ ಸ್ವತ್ತು ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1995ರಲ್ಲಿ. ಸಮುದಾಯ ಬಾನುಲಿಯ ಲೈಸೆನ್ಸು 2002ರ ಕೊನೆಯಲ್ಲಿ ವಿದ್ಯಾಸಂಸ್ಥೆಗಳಿಗೆ, 2006ರಲ್ಲಿ ಇತರ ಸಂಘಸಂಸ್ಥೆಗಳಿಗೆ ದೊರೆಯತೊಡಗಿತು. ಸ್ವಂತ ಸುದ್ದಿಯನ್ನು ಮಾತ್ರ ಪ್ರಸಾರ ಮಾಡಬಾರದೆಂಬ ಷರತ್ತಿನೊಡನೆ.

ಆ ಲೈಸೆನ್ಸುಗಳು ಬರುವುದಕ್ಕೂ ಮೊದಲೇ, 2001ರಲ್ಲಿ, ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಎಂಬ ಕೇಂದ್ರ ಹುಟ್ಟಿತ್ತು. ಮೈರಾಡ, ವಾಯ್ಸಸ್ ಎಂಬ ಸಂಸ್ಥೆಗಳ ನೆರವಿನಿಂದ ಹಳ್ಳಿಯ ಹೆಂಗಸರು, ಹುಡುಗರು ತಾವೇ ಧ್ವನಿಮುದ್ರಣ ಕಲಿತು ಕಾರ್ಯಕ್ರಮಗಳನ್ನು ಸಿದ್ಧಪಡಿಸಿದರು. ಅವನ್ನು ಗಾಳಿಯಲ್ಲಿ ಬಿಡಲು ಅನುಮತಿಯಿರಲಿಲ್ಲ. ಮೊದಲು ಧ್ವನಿವರ್ಧಕ ಹೂಡಿ ಕೇಳಿಸಿದರು. ಆಮೇಲೆ ಊರಿನ ಕೇಬಲ್ ಟೀವಿಯ ತಂತಿಯನ್ನು ಹಿಡಿದರು. ಆಕಾಶದಲ್ಲಿ ಹೋಗಬಾರದ ದನಿ ಹೀಗೆ ತಂತಿಯ ಮೇಲೆ ನಡೆದು ಬೂದಿಕೋಟೆಯ ಮನೆಗಳನ್ನು ಸೇರಿತು.