ಪದ ಪರಿಚಯ: ವಿಕಿರಣ

ವಿಕಿರಣ

ಮೊಬೈಲ್ ಟವರನ್ನು ‘ವಿಕಿರಣಶೀಲ’ ಎನ್ನುವವರಿದ್ದಾರೆ. ತಪ್ಪು, ಆ ವಿಶೇಷಣ ಯುರೇನಿಯಂ, ರೇಡಿಯಂಗಳಂಥವಕ್ಕೆ ಸಲ್ಲಬೇಕಾದದ್ದು. ವಿಕಿರಣದ ಬೇರಾದ ಸಂಸ್ಕೃತದ ‘ಕೄ’ ಧಾತುವಿಗೆ ಚೆಲ್ಲು, ಎರಚು ಎಂದರ್ಥ. ಕಿರಣ, ಪ್ರಕೀರ್ಣ, ಸಂಕೀರ್ಣಗಳೂ ಅದರ ಸಂತಾನವೇ. ಚೆದುರಿಸುವಿಕೆ ಎಂಬ ಹಳೆಯ ಅರ್ಥದ ಪದವನ್ನು ಭೌತವಿಜ್ಞಾನ ರೇಡಿಯೇಶನ್‌ಗೆ ಒಗ್ಗಿಸಿಕೊಂಡಿತು. ಹಿಂದಿಯಲ್ಲೂ ವಿಕಿರಣವೇ, ತಮಿಳರು ಮಾತ್ರ ‘ಕದಿರ್‌ವೀಚ್ಚು’ ಎಂದರು. ನಮ್ಮಲ್ಲೂ ‘ಕದಿರು’ ಇತ್ತು, ಯಾರೂ ಕರೆಯಲಿಲ್ಲ.

ಮೊಬೈಲ್ ಟವರ್ ಸೂಸುವಂಥ ಅಯಾನೀಕರಿಸದ ವಿಕಿರಣಕ್ಕೆ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತೆಸೆಯುವಷ್ಟು ಕಸುವಿಲ್ಲ: ರೇಡಿಯೋ ಅಲೆ, ಮೈಕ್ರೋವೇವ್, ಬೆಳಕು. ಹಾಗೆಂದು ನಿರಪಾಯವಲ್ಲ. ವೆಲ್ಡಿಂಗ್‌ನ ಅತಿನೇರಳೆ ಬೆಳಕಿಗೆ ಬರಿಗಣ್ಣೊಡ್ಡಿದವನಿಗೆ ಆಗ ಏನೂ ಅನ್ನಿಸದು. ಕೆಲವು ಗಂಟೆ ಕಳೆದ ಮೇಲೆ ಮರಳು ಬಿದ್ದಂತೆ ಕಣ್ಣುರಿ. ಗಾಢ ಗಾಜಿನ ಮುಖಗವಚ ಅವನಿಗೆ, ಅಡ್ಡಪರದೆ ಪಕ್ಕದವರಿಗೆ ಬೇಕು. ಟವರ್‌ನಲ್ಲಿ ಆಂಟೆನಾದ ಎದುರೇ ದುಡಿಯುವವರಿದ್ದರೆ ಮೊದಲು ಪ್ರಸಾರ ನಿಲ್ಲಿಸಬೇಕು ಅಥವಾ ತಗ್ಗಿಸಬೇಕು.