ಇಳಿವಯಸ್ಸಿನಲ್ಲಿ ಸೊಂಟದ ಸುತ್ತಳತೆ

"ಮೂವತ್ತು ವರ್ಷಗಳಿಂದ ನನ್ನ ತೂಕ ಒಂದು ಕಿಲೋ ಕೂಡ ಏರಿಲ್ಲ" ಎಂದು ಹೆಮ್ಮೆಯಿಂದ ಹೇಳುವ ಹಿರಿಯರು ನಮ್ಮ ನಡುವೆ ಹಲವರಿದ್ದಾರೆ. ಅವರ ಮಾತು ನಿಜವೇ ಇರಬಹುದು. ಆದರೆ ಅವರ ಉಡಿದಾರ ಬೇರೆಯದನ್ನೇ ಹೇಳುತ್ತಿರುತ್ತದೆ. ವಯಸ್ಸಾದಂತೆ ತೋಳು ತೊಡೆಗಳ ಸ್ನಾಯು ಕ್ಷೀಣಿಸಿ, ಹೊಟ್ಟೆಯೊಳಗಿನ ಕೊಬ್ಬು ಹೆಚ್ಚುತ್ತದೆ. ತಕ್ಕಡಿಗೆ ಈ ಅದಲುಬದಲು ತಿಳಿಯುವುದಿಲ್ಲ. ಸ್ತ್ರೀಯರಲ್ಲಿ ಋತುಬಂಧದ ನಂತರ ಇದು ಇನ್ನಷ್ಟು ಸ್ಪಷ್ಟ. ಬೆನ್ನುಮೂಳೆ ಕುಗ್ಗಿ ಎತ್ತರವೂ ಇಳಿಯುವುದರಿಂದ, ತೂಕವನ್ನು ಎತ್ತರದೊಂದಿಗೆ ಹೋಲಿಸುವ ಬಿ.ಎಂ.ಐ. ಸೂಚ್ಯಂಕವೂ ವೃದ್ಧರ ಮಟ್ಟಿಗೆ ಪೂರ್ಣ ನಂಬಲರ್ಹವಲ್ಲ.

ಚರ್ಮದ ಕೆಳಗಿನ ಕೊಬ್ಬಿಗಿಂತ ಕರುಳು, ಯಕೃತ್ತುಗಳ ಸುತ್ತ ಸೇರುವ ಕೊಬ್ಬು ಅಪಾಯಕಾರಿ. ಅದು ಬಿಡುಗಡೆ ಮಾಡುವ ಕೊಬ್ಬಿನಾಮ್ಲಗಳು ನೇರವಾಗಿ ಯಕೃತ್ತನ್ನು ತಲಪಿ, ಇನ್ಸುಲಿನ್ನಿನ ಕಾರ್ಯಕ್ಕೆ ಅಡ್ಡಿಯಾಗುತ್ತವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳಿಗೆ ಇಲ್ಲಿಂದಲೇ ದಾರಿ.

ಭಾರತೀಯರಲ್ಲಿ ಈ ಪ್ರವೃತ್ತಿ ಅಧಿಕ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಹಾಗೂ ಲಂಡನ್ನಿನ ಪ್ರೊ. ಜಾನ್ ಯುಡ್ಕಿನ್ ಅವರು 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮಿಬ್ಬರ ಭಾವಚಿತ್ರವನ್ನೇ ಉದಾಹರಣೆಯಾಗಿ ಪ್ರಕಟಿಸಿದರು. ಇಬ್ಬರ ಬಿ.ಎಂ.ಐ. ಒಂದೇ, 22.3. ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2! ವಿದ್ವಾಂಸರು ತಮ್ಮ ಹೊಟ್ಟೆಯನ್ನೇ ಸಾಕ್ಷಿಗೆ ಕರೆದ ಪ್ರಸಂಗ ಅಪರೂಪವೇ ಸರಿ.

ಆದ್ದರಿಂದ ನಮ್ಮವರಿಗೆ ಮಿತಿಯೂ ಬೇರೆ. ಅಮೆರಿಕದ 2001ರ ಮಾರ್ಗಸೂಚಿ ಪುರುಷರಿಗೆ 102, ಸ್ತ್ರೀಯರಿಗೆ 88 ಸೆಂ.ಮೀ. ಎಂದರೆ, ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2005ರಲ್ಲಿ ದಕ್ಷಿಣ ಏಷ್ಯಾದವರಿಗೆ ಕ್ರಮವಾಗಿ 90 ಮತ್ತು 80 ಸೆಂ.ಮೀ. ಎಂದು ಗೊತ್ತುಪಡಿಸಿತು. ಇದರ ಜೊತೆಗೆ ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಎಚ್.ಡಿ.ಎಲ್. ಪುರುಷರಲ್ಲಿ 40ಕ್ಕಿಂತ ಮತ್ತು ಸ್ತ್ರೀಯರಲ್ಲಿ 50ಕ್ಕಿಂತ ಕಡಿಮೆ, ರಕ್ತದೊತ್ತಡ 130/85 ಅಥವಾ ಮೇಲೆ, ಬರಿಹೊಟ್ಟೆಯ ಸಕ್ಕರೆ 100 ಅಥವಾ ಹೆಚ್ಚು, ಇವುಗಳಲ್ಲಿ ಯಾವುದಾದರೂ ಎರಡು ಕೂಡಿದರೆ ಅದು 'ಮೆಟಬಾಲಿಕ್ ಸಿಂಡ್ರೋಮ್'. ಸುತ್ತಳತೆಯೊಂದೇ ರೋಗನಿರ್ಣಯವಲ್ಲ, ರಕ್ತಪರೀಕ್ಷೆಗೆ ಕರೆಗಂಟೆ ಮಾತ್ರ. ಬ್ರಿಟನ್ನಿನ 2022ರ ಸಲಹೆ ಇನ್ನೂ ಸರಳ: ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆಯಿರಲಿ. 150 ಸೆಂ.ಮೀ. ಎತ್ತರದ ತಾಯಂದಿರಿಗೆ ಅದು 75 ಆಗುತ್ತದೆ.

ಅಳೆಯುವಲ್ಲಿಯೇ ಹೆಚ್ಚಿನವರು ತಪ್ಪುವುದು. ಪ್ಯಾಂಟಿನ ಸೈಜು ಸೊಂಟದಳತೆಯಲ್ಲ. ಪ್ಯಾಂಟು ಹೊಟ್ಟೆಯ ಕೆಳಗೆ ಜಾರಿ ಕೂತಿರುತ್ತದೆ. ಲಂಗದ ಲಾಡಿ ಕಟ್ಟುವ ಜಾಗವೂ ಅಲ್ಲ. ಪಕ್ಕೆಯಲ್ಲಿ ಕೊನೆಯ ಪಕ್ಕೆಲುಬನ್ನೂ ಸೊಂಟದ ಮೂಳೆಯ ಮೇಲಂಚನ್ನೂ ಬೆರಳಿನಿಂದ ಗುರುತಿಸಿ, ಅವುಗಳ ನಡುಮಧ್ಯದಲ್ಲಿ, ಬಟ್ಟೆಯ ಮೇಲಲ್ಲದೆ ಮೈಮೇಲೆಯೇ ದರ್ಜಿಯ ಟೇಪನ್ನು ನೆಲಕ್ಕೆ ಸಮಾನಾಂತರವಾಗಿ ಸುತ್ತಬೇಕು. ನೇರವಾಗಿ ನಿಂತು, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಬೇಕು. ಹೊಟ್ಟೆಯನ್ನು ಒಳಗೆಳೆದುಕೊಂಡರೆ ವಂಚನೆಗೊಳಗಾಗುವವರು ನಾವೇ. ಬೆಳಿಗ್ಗೆ ತಿಂಡಿಗೆ ಮುನ್ನ ಅಳೆಯುವುದು ಉತ್ತಮ. ಬೆನ್ನು ಬಾಗಿದವರಲ್ಲಿ, ಹರ್ನಿಯಾ ಇಲ್ಲವೇ ಹೊಟ್ಟೆಯಲ್ಲಿ ನೀರು ತುಂಬಿದವರಲ್ಲಿ ಈ ಅಳತೆ ದಾರಿ ತಪ್ಪಿಸುತ್ತದೆ.

ಮಿತಿ ಮೀರಿತೆಂದು ಗಾಬರಿಯಾಗಿ ಊಟ ಬಿಡುವ ಹಿರಿಯರಿದ್ದಾರೆ. ಇದು ಸಲ್ಲದು. ಉಪವಾಸದಿಂದ ಕೊಬ್ಬಿನೊಡನೆ ಸ್ನಾಯುವೂ ಕರಗಿ, ಬಿದ್ದು ಮೂಳೆ ಮುರಿದುಕೊಳ್ಳುವ ಭಯ ಹೆಚ್ಚುತ್ತದೆ. ಅನ್ನದ ಪಾಲು ತಗ್ಗಿಸಿ ಬೇಳೆ, ಕಾಳು, ಮಜ್ಜಿಗೆ, ತರಕಾರಿಗಳನ್ನು ಹೆಚ್ಚಿಸುವುದು, ದಿನವೂ ನಡೆಯುವುದು, ಕುರ್ಚಿಯಿಂದ ಕೈಯೂರದೆ ಹತ್ತಾರು ಬಾರಿ ಏಳುವುದು ಲೇಸು. ಮಧುಮೇಹದ ಔಷಧಿ ಸೇವಿಸುವವರು ಆಹಾರ ಬದಲಿಸುವ ಮುನ್ನ ವೈದ್ಯರನ್ನು ಕೇಳಬೇಕು. ಪ್ರಯತ್ನವಿಲ್ಲದೆಯೇ ತೂಕ, ಸೊಂಟ ಎರಡೂ ಇಳಿಯತೊಡಗಿದರೆ ಸಂತೋಷಪಡದೆ ತಪಾಸಣೆ ಮಾಡಿಸಿಕೊಳ್ಳಬೇಕು.