ಮಹಾನವಮಿಯ ಅಧ್ಯಯನ: ವೈಭವದ ವರ್ಣನೆಯಿಂದ ಪ್ರಭುತ್ವದ ಅರಿವಿನೆಡೆಗೆ

ವಿಜಯನಗರದ ಮಹಾನವಮಿಯನ್ನು ಇತಿಹಾಸಕಾರರು ಬಹುಕಾಲ ಸಾಮ್ರಾಜ್ಯದ ಸಿರಿವಂತಿಕೆಯ ಸಾಕ್ಷಿಯೆಂದಷ್ಟೇ ಕಂಡರು. ಆ ಒಂಬತ್ತು ದಿನಗಳ ಉತ್ಸವ ಆಳ್ವಿಕೆಯ ಒಂದು ವಿಧಾನವೇ ಆಗಿತ್ತೆಂಬ ತಿಳಿವು ನೆಲೆಗೊಂಡದ್ದು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ.

ಈ ಅಧ್ಯಯನಕ್ಕೆ ಮೊದಲ ಆಧಾರ ಪರದೇಶಿಗಳ ಬರಹಗಳು. 1443ರಲ್ಲಿ ಎರಡನೆಯ ದೇವರಾಯನ ಆಸ್ಥಾನಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಬಹುಅಂತಸ್ತಿನ ಮಂಟಪಗಳನ್ನೂ ಪಳಗಿದ ಆನೆಗಳ ಆಟವನ್ನೂ ವರ್ಣಿಸಿದ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಪೂಜೆ, ಬಲಿ, ಕುಸ್ತಿ, ನೃತ್ಯ, ಕೊನೆಗೆ ಸೇನಾ ಪರಿಶೀಲನೆಯನ್ನು ದಾಖಲಿಸಿದ. ಪಾಯಸ್ ಮತ್ತು ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ನೂನಿಜರ ವೃತ್ತಾಂತಗಳು 1897ರಲ್ಲಿ ಲಿಸ್ಬನ್‌ನಲ್ಲಿ ಅಚ್ಚಾದವು. 1900ರಲ್ಲಿ ರಾಬರ್ಟ್ ಸೀವೆಲ್ ಅವನ್ನು ಇಂಗ್ಲಿಷಿಗೆ ತಂದ ಮೇಲೆ ಭಾರತೀಯ ವಿದ್ವಾಂಸರ ಕೈಗೆ ದೊಡ್ಡ ಆಕರ ಸಿಕ್ಕಿತು.

1934ರಲ್ಲಿ ಬಿ. ಎ. ಸಾಲೆತ್ತೂರ್ ಈ ವೃತ್ತಾಂತಗಳನ್ನು ಶಾಸನ, ಸಾಹಿತ್ಯಗಳೊಡನೆ ಹೊಂದಿಸಿ ವಿಜಯನಗರದ ಬದುಕಿನ ಬೃಹತ್ ಚಿತ್ರ ಕಟ್ಟಿಕೊಟ್ಟರು. ಆದರೂ ಆ ಪೀಳಿಗೆಯ ಬರವಣಿಗೆಯಲ್ಲಿ ಹಬ್ಬ ಸಮಾಜದ ಅಧ್ಯಾಯಕ್ಕೆ ಸೇರಿತು, ಆಡಳಿತ ಬೇರೆಯೇ ಅಧ್ಯಾಯವಾಯಿತು.

1980ರ ದಶಕ ಈ ಗೋಡೆಯನ್ನು ಕೆಡವಿತು. ಬರ್ಟನ್ ಸ್ಟೈನ್ ಮಹಾನವಮಿಯನ್ನು ರಾಜತ್ವದ ವಿಧಿಯಾಗಿ ಓದಿದರು. ಅಧೀನ ದಳಪತಿಗಳಾದ ನಾಯಕರು ಕಾಣಿಕೆ ತಂದು, ಅರಸನಿಂದ ಮನ್ನಣೆ ಪಡೆದು ಹಿಂದಿರುಗುವಾಗ, ಚದುರಿದ್ದ ಅಧಿಕಾರ ಒಂದು ಕೇಂದ್ರಕ್ಕೆ ಬೆಸೆದುಕೊಳ್ಳುತ್ತಿತ್ತು. ಅದೇ ಕಾಲಕ್ಕೆ ಜಾನ್ ಫ್ರಿಟ್ಜ್, ಜಾರ್ಜ್ ಮಿಶೆಲ್ ಮತ್ತು ಎಂ. ಎಸ್. ನಾಗರಾಜರಾವ್ ಹಂಪಿಯ ರಾಜಾವರಣವನ್ನು ಅಳೆದು ನಕ್ಷೆ ಮಾಡಿದರು. ರಾಮಚಂದ್ರ ದೇಗುಲದ ಸುತ್ತ ಹಾದಿಗಳೂ ಕಟ್ಟಡಗಳೂ ಹೇಗೆ ಜೋಡಣೆಗೊಂಡಿವೆ ಎಂಬುದನ್ನು ಅವರು ತೋರಿಸಿದರು. ಆ ಗುಡಿಯ ಹೊರಗೋಡೆಯ ಮೇಲೆ ಸಾಲಾಗಿ ಸಾಗುವ ಆನೆ, ಕುದುರೆ, ಕಾಲಾಳು, ನರ್ತಕಿಯರು ಪಾಯಸ್‌ನ ಮಾತಿಗೆ ಕಲ್ಲಿನ ಜೊತೆಯಾದರು. ಹಂತಹಂತವಾಗಿ ಬೆಳೆದ ಮಹಾನವಮಿ ದಿಬ್ಬವೆಂಬ ಎತ್ತರದ ಜಗತಿಯ ಬೇಟೆ, ಕುಸ್ತಿ, ಕುಣಿತದ ಶಿಲ್ಪಗಳೂ ಆಸ್ಥಾನದ ಬದುಕಿನ ಆಕರಗಳಾದವು.

ಮುಂದಿನ ದಶಕದಲ್ಲಿ ಗಮನ ಅರಸನ ದೇಹ, ಉಡುಗೆ, ಕಾವ್ಯಗಳತ್ತ ಹೊರಳಿತು. 1992ರಲ್ಲಿ ವೆಲ್ಚೇರು ನಾರಾಯಣ ರಾವ್, ಡೇವಿಡ್ ಶುಲ್ಮನ್, ಸಂಜಯ್ ಸುಬ್ರಹ್ಮಣ್ಯಂ ತಮಿಳುನಾಡಿನ ನಾಯಕ ಆಸ್ಥಾನಗಳ ಭೋಗ, ದಾನ, ಸಾಹಿತ್ಯಗಳನ್ನು ರಾಜಕೀಯದ ಒಳಗೇ ಇಟ್ಟು ನೋಡಿದರು. ಫಿಲಿಪ್ ವ್ಯಾಗನರ್ 1996ರಲ್ಲಿ ಅರಸರ ಕಬಾಯಿ (ನಿಲುವಂಗಿ), ಕುಲ್ಲಾಯಿ (ಎತ್ತರದ ಟೋಪಿ) ಮತ್ತು ‘ಹಿಂದುರಾಯ ಸುರತ್ರಾಣ’ (ಹಿಂದೂ ರಾಜರಲ್ಲಿ ಸುಲ್ತಾನ) ಬಿರುದನ್ನು ಪರಿಶೀಲಿಸಿ, ವಿಜಯನಗರದ ಆಸ್ಥಾನ ಇಸ್ಲಾಮಿ ಜಗತ್ತಿನ ರಾಜಶೈಲಿಯನ್ನು ತನ್ನದಾಗಿಸಿಕೊಂಡ ಬಗೆಯನ್ನು ವಿವರಿಸಿದರು. ಎರಡು ಧರ್ಮಗಳ ನಿರಂತರ ಕದನವೆಂಬ ಹಳೆಯ ಚಿತ್ರಕ್ಕೆ ಇದು ಗಟ್ಟಿ ತಿದ್ದುಪಡಿ.

ಈ ಎಲ್ಲ ಸಾಧನೆಯ ನಡುವೆಯೂ ಎರಡು ಕೊರತೆಗಳಿವೆ. ಒಂದು, ನಮ್ಮದೇ ನೆಲದ ಪಠ್ಯಗಳ ಬಳಕೆ ಸಾಲದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ 12ನೇ ಶತಮಾನದಲ್ಲೇ ಅರಸನ ವಿನೋದಗಳನ್ನು ರಾಜಧರ್ಮದ ಭಾಗವಾಗಿ ಕಂಡಿತು. ಮಹಾನವಮಿಯ ಪರಂಪರೆಯನ್ನು ಮುಂದುವರಿಸಿ 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯ ವಿವರ ಗೋವಿಂದ ವೈದ್ಯನ ‘ಕಂಠೀರವ ನರಸರಾಜ ವಿಜಯ’ದಲ್ಲಿ ಸಮೃದ್ಧವಾಗಿದೆ. ಇನ್ನೊಂದು, ಸಿಂಹಾಸನದ ಮೇಲೆ ಕುಳಿತವನ ಬಗ್ಗೆ ಬರೆದಷ್ಟು ಅಂಗಳದಲ್ಲಿ ಕುಣಿದವರು, ಕಾದಾಡಿದವರು, ಆನೆ ನಡೆಸಿದವರ ಬಗ್ಗೆ ಯಾರೂ ಬರೆದಿಲ್ಲ. ಅವರ ದುಡಿಮೆಯಿಲ್ಲದೆ ಆ ಪ್ರಭುತ್ವ ಕಣ್ಣಿಗೆ ಕಾಣುವಂತೆಯೇ ಇರಲಿಲ್ಲ. ಹಳಗನ್ನಡ, ನಡುಗನ್ನಡ ಓದಬಲ್ಲ ಯುವ ಸಂಶೋಧಕರು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.